ಎಂಟನೇ ನಟ್ಟು

ಹಳೇ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಗೆ ಸಾಗಿಸೋ ಕೊಳವೆಗಳ ಜೋಡಣೆ) ಬಿಚ್ಚೋಣ ಅಂತ ಬೆಳಗ್ಗೆ ಗ್ಯಾರೇಜಿಗೆ ಹೊಕ್ಕವನು ಇನ್ನೂ ಅಲ್ಲೇ ಇದ್ದೀನಿ. ಏಳು ನಟ್ಟು ಮರ್ಯಾದೆಯಾಗಿ ಬಂದವು. ಎಂಟನೇದು? ನಟ್ಟು ಕೂತಿದ್ದ ತಿರುಪಿನ ಸರಳು, ಅಂದ್ರೆ ಸ್ಟಡ್ಡೇ ಮುರಿದು, ಅದರ ಅರ್ಧ ಎಂಜಿನ್ನಿನ ಮೇಲ್ಭಾಗದ ಸಿಲಿಂಡರ್ ಹೆಡ್ಡಿನೊಳಗೇ ಉಳೀತು. ರಾತ್ರಿಯೆಲ್ಲ ತುಕ್ಕು ಬಿಡಿಸೋ ಎಣ್ಣೆಯಲ್ಲಿ ನೆನೆಸಿದ್ದೆ, ಕಾಯಿಸಿದೆ, ಬೈದೂ ನೋಡಿದೆ. ಹೆಡ್ಡು ಅಲ್ಯೂಮಿನಿಯಂ, ಸ್ಟಡ್ಡು ಉಕ್ಕು. ವರ್ಷಗಟ್ಟಲೆ ಕಾದು ಆರಿ ಎರಡೂ ಕಚ್ಚಿಕೊಂಡು ಕೂತಿವೆ. ಈಗ ಉಕ್ಕಿನ ಸ್ಟಡ್ಡಿನ ಸರಿ ಮಧ್ಯಕ್ಕೆ ತೂತು ಕೊರೀಬೇಕು. ಡ್ರಿಲ್ ಬಿಟ್ಟಿಗೋ ಪಕ್ಕದ ಮೆತ್ತನೆ ಅಲ್ಯೂಮಿನಿಯಂ ಮೇಲೇ ಕಣ್ಣು! ಎಡಕ್ಕೆ ತಿರುಗೋ ಬಿಟ್ಟಾದರೆ ಕೊರೀವಾಗಲೇ ಒಮ್ಮೊಮ್ಮೆ ಸ್ಟಡ್ಡು ಬಿಚ್ಚಿಕೊಂಡು ಬರುತ್ತೆ. ನನ್ನ ಪೆಟ್ಟಿಗೆಯಲ್ಲಿರೋವೆಲ್ಲ ಬಲಕ್ಕೆ ತಿರುಗೋವೇ. ಹಾಂ, ನಟ್ಟು ತಿರುಗಿಸೋ 10 ಎಂಎಂ ಸಾಕೆಟ್ಟೂ ಕಾಣೆ. ಈ ತಿಂಗಳಲ್ಲಿ ಮೂರನೇದು.