ಸಂಬಳವಿಲ್ಲದ ಐಟಿ ವಿಭಾಗ

ಪ್ರತಿ ಮನೆಯಲ್ಲೂ ಒಂದು ಹುದ್ದೆಯಿದೆ. ಅದಕ್ಕೆ ಅರ್ಜಿ ಕರೆಯುವುದಿಲ್ಲ, ಸಂದರ್ಶನವಿಲ್ಲ, ಸಂಬಳದ ಮಾತಂತೂ ಎತ್ತಲೇಬೇಡಿ. ಯಾವತ್ತೋ ಒಂದು ದಿನ ರಿಮೋಟಿನ ಸೆಲ್ ತಿರುಗಿಸಿ ಹಾಕಿದಿರಿ, ಟಿವಿ ಆನ್ ಆಯಿತು. ಅಷ್ಟರಲ್ಲಿ ನೇಮಕಾತಿ ಆದೇಶ ಹೊರಬಿದ್ದಾಗಿತ್ತು. ಅಂದಿನಿಂದ ಪ್ಲಗ್ಗು ಇರುವ ಸಕಲ ವಸ್ತುಗಳೂ ನಿಮ್ಮ ಸುಪರ್ದಿಗೆ.

ಈ ನೇಮಕದಲ್ಲಿ ಮನೆಯವರೆಲ್ಲರ ಕೈವಾಡವಿದೆ. ಅಜ್ಜಿ ಕಂಡಕಂಡವರ ಮುಂದೆ ‘ನಮ್ಮ ಮೊಮ್ಮಗ ಕಂಪ್ಯೂಟರ್‌ನಲ್ಲಿ ಎತ್ತಿದ ಕೈ’ ಎಂದು ಹೊಗಳಿ, ಅಕ್ಕಪಕ್ಕದ ಮನೆಗಳನ್ನೂ ನಿಮ್ಮ ವ್ಯಾಪ್ತಿಗೆ ಸೇರಿಸುತ್ತಾರೆ. ಅಪ್ಪ ಇರುವ ಬಟನ್‌ಗಳನ್ನೆಲ್ಲ ಒತ್ತಿ ನೋಡಿ, ‘ನಾನೇನೂ ಮಾಡಿಲ್ಲಪ್ಪ, ತಾನಾಗೇ ಹೀಗಾಯ್ತು’ ಎಂದು ಹೇಳಿಕೆ ಕೊಡುತ್ತಾರೆ. ಆದರೆ ನಿಜವಾದ ಪ್ರತಿಭೆ ಅಣ್ಣನದು. ಎಲ್ಲ ಗೊತ್ತಿದ್ದೂ ‘ನನಗಿದೆಲ್ಲ ತಲೆಗೆ ಹೋಗಲ್ಲ’ ಎಂದು ಚಿಕ್ಕಂದಿನಲ್ಲೇ ಘೋಷಿಸಿ, ಜೀವಮಾನದ ರಜೆ ಗಿಟ್ಟಿಸಿಕೊಂಡ ಮಹಾನುಭಾವ. ಮನೆಯಲ್ಲೊಬ್ಬ ಪರಿಣತ ತಯಾರಾಗಬೇಕಾದರೆ ಉಳಿದವರು ಇಷ್ಟು ನಿಷ್ಠೆಯಿಂದ ಕಲಿಯದೇ ಇರಬೇಕಾಗುತ್ತದೆ.

ದೊಡ್ಡಪ್ಪನ ಫೋನು ಬರುತ್ತದೆ. ನೆಟ್ ಇಲ್ಲ.

‘ರೂಟರ್‌ನಲ್ಲಿ ಯಾವ ಬಣ್ಣದ ಲೈಟ್ ಬರ್ತಿದೆ ದೊಡ್ಡಪ್ಪ?’

‘ಲೈಟು ಅದರ ಪಾಡಿಗೆ ಅದಿದೆ. ನೆಟ್ಟೇ ಇಲ್ಲ.’

‘ಹಿಂದೆ ಸ್ವಿಚ್ ಇದೆ ನೋಡಿ. ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.’

‘ಸ್ವಿಚ್ಚೆಲ್ಲ ಯಾಕೆ? ಪಕ್ಕದಲ್ಲೊಂದು ಸಣ್ಣ ತೂತಿತ್ತು. ಸೇಫ್ಟಿ ಪಿನ್ ಹಾಕಿ ಚೆನ್ನಾಗಿ ಒತ್ತಿ ಹಿಡಿದಿದ್ದೀನಿ.’

ಆಫ್ ಮಾಡಿ ಆನ್ ಮಾಡಿದ್ದರೆ ಒಳಗೆ ಎಡವಿ ಬಿದ್ದಿದ್ದ ಪ್ರೋಗ್ರಾಂ ಮೊದಲಿಂದ ಶುರುವಾಗಿ ಸರಿಹೋಗುವ ಸಾಧ್ಯತೆಯಿತ್ತು. ಆ ತೂತಿನ ಮಹಿಮೆಯೇ ಬೇರೆ. ಕೆಲವು ಸೆಕೆಂಡು ಒತ್ತಿ ಹಿಡಿದರೆ ವೈಫೈ ಹೆಸರು, ಪಾಸ್‌ವರ್ಡ್, ನೀವು ಕೂತು ಮಾಡಿಟ್ಟ ಸೆಟ್ಟಿಂಗ್‌ಗಳೆಲ್ಲ ಅಳಿಸಿ, ರೂಟರ್ ಕಾರ್ಖಾನೆಯಿಂದ ಬಂದ ದಿನದ ನಿರ್ಮಲ ಸ್ಥಿತಿಗೆ ಮರಳುತ್ತದೆ. ಭಾನುವಾರ ನೀವು ಹೊರಡುತ್ತೀರಿ.

ಚಿಕ್ಕವರಿಗೆ ಇದೆಲ್ಲ ಹುಟ್ಟುತ್ತಲೇ ಬರುತ್ತದೆ ಎಂಬ ನಂಬಿಕೆಗೆ ಶಾಸ್ತ್ರಾಧಾರವೂ ಉಂಟು. 2001ರಲ್ಲಿ ಅಮೆರಿಕದ ಶಿಕ್ಷಣ ಲೇಖಕ ಮಾರ್ಕ್ ಪ್ರೆನ್ಸ್ಕಿ ಹೊಸ ಪೀಳಿಗೆಯನ್ನು ‘ಡಿಜಿಟಲ್ ನೇಟಿವ್ಸ್’, ಅಂದರೆ ಡಿಜಿಟಲ್ ಲೋಕದ ಮೂಲನಿವಾಸಿಗಳು ಎಂದು ಕರೆದರು, ಹಿರಿಯರನ್ನು ವಲಸಿಗರೆಂದರು. ವಲಸಿಗರು ನಿಶ್ಚಿಂತೆಯಿಂದ ಕೈಕಟ್ಟಿ ಕೂತರು. ಆಮೇಲೆ 2018ರ ಐಸಿಐಎಲ್‌ಎಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ಹಲವು ದೇಶಗಳ ಎಂಟನೇ ತರಗತಿಯ ಮಕ್ಕಳಿಗೆ ಕಂಪ್ಯೂಟರ್ ಪರೀಕ್ಷೆ ಇಟ್ಟಿತು. ಎಲ್ಲಕ್ಕಿಂತ ಮೇಲಿನ ಮಟ್ಟ ಮುಟ್ಟಿದವರು ನೂರಕ್ಕೆ 2 ಮಂದಿ. ಸಿಕ್ಕಿದ್ದನ್ನೆಲ್ಲ ಹಂಚುವ ಫ್ಯಾಮಿಲಿ ಗ್ರೂಪಿನಲ್ಲಿ ಈ ಸುದ್ದಿ ಮಾತ್ರ ಎಲ್ಲೂ ಫಾರ್ವರ್ಡ್ ಆಗಲಿಲ್ಲ.

ಈ ಪುಕ್ಕಟೆ ಸೇವೆಯ ವಾಸನೆ ಮೊದಲು ಹಿಡಿದವರು ಕಂಪನಿಗಳು ಮತ್ತು ಕಚೇರಿಗಳು. ಕೌಂಟರ್ ಮುಚ್ಚಿದರು, ಆ್ಯಪ್ ತೆರೆದರು, ‘ಬಳಸಲು ಅತಿ ಸುಲಭ’ ಎಂದು ಬೋರ್ಡು ಹಾಕಿದರು. ಮನೆಯಲ್ಲಿ ಹುಡುಗರಿದ್ದಾರಲ್ಲ ಎಂಬುದು ಬೋರ್ಡಿನಲ್ಲಿ ಬರೆಯದ ಮಾತು. ಎಂಬತ್ತರ ತಾತ ಪಿಂಚಣಿ ಬೇಕೆಂದರೆ ಮಸುಕು ಚಿತ್ರಗಳಲ್ಲಿ ಟ್ರಾಫಿಕ್ ಲೈಟ್ ಹುಡುಕಿ ತಾನು ಮನುಷ್ಯನೆಂದು ಯಂತ್ರದೆದುರು ಸಾಬೀತು ಮಾಡಬೇಕು. ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಕಾರಣವಿಲ್ಲದೆ ಹಾಗೆ ಬದಲಿಸುವಂತೆ ಒತ್ತಾಯಿಸಬೇಡಿ ಎಂದು ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ಹೇಳಿತ್ತು. ಬದಲಿಸಿದ ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಭದ್ರವಾಗಿದೆ, ಮೂರು ಹೊಡೆದುಹಾಕಿದ ಸಾಲುಗಳ ಕೆಳಗೆ. ಇನ್ನು ಒಟಿಪಿ. ‘ಯಾರಿಗೂ ಹೇಳಬೇಡಿ’ ಎಂದು ಬರುವ ಆ ಆರು ಅಂಕಿಗಳನ್ನು ಅಮ್ಮ ಒಳಗಿನ ಕೋಣೆಯಿಂದ ಹಾಲಿಗೆ ಕೇಳುವಂತೆ ಒಂದೊಂದಾಗಿ ಕೂಗುತ್ತಾರೆ. ಐದನೆಯದಕ್ಕೆ ಕನ್ನಡಕ ಹುಡುಕುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ಈ ಹುದ್ದೆಯಿಂದ ನಿವೃತ್ತಿ ಇಲ್ಲ, ವರ್ಗಾವಣೆ ಮಾತ್ರ ಸಾಧ್ಯ. ಅದಕ್ಕೇ ಎರಡು ವರ್ಷದ ಪುಟ್ಟಿ ಮುದ್ದು ಬೆರಳಿನಿಂದ ಜಾಹೀರಾತು ಸ್ಕಿಪ್ ಮಾಡಿದಾಗ, ‘ಅಬ್ಬಾ, ಎಷ್ಟು ಚುರುಕು!’ ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರು ನೀವೇ. ಅಣ್ಣನ ಮುಖದಲ್ಲಿ ಮೊದಲ ಬಾರಿಗೆ ಕಳವಳ. ಎಷ್ಟಾದರೂ ಅವನ ಮಗಳು.