ಗ್ರಂಥಾಲಯ ಕರ ಜಮೆ ಆಗಿದೆ, ಪುಸ್ತಕ ಲೋಡ್ ಆಗುತ್ತಿದೆ

ಬೆಂಗಳೂರಿನಲ್ಲಿ ಆಸ್ತಿ ತೆರಿಗೆ ಕಟ್ಟುವವರು ಅದರ ಲೆಕ್ಕವನ್ನು ಬಿಡಿಸಿ ನೋಡುವುದಿಲ್ಲ. ನೋಡಿದರೆ ಬಿಪಿ ಏರುತ್ತದೆ, ಅದಕ್ಕೇ ಇರಬೇಕು. ಆದರೂ ಒಮ್ಮೆ ನೋಡಿ. ತೆರಿಗೆಯ ಮೇಲೆ ಉಪಕರ. ಅದರಲ್ಲಿ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಗ್ರಂಥಾಲಯವನ್ನೂ ಭಿಕ್ಷುಕರನ್ನೂ ಅಕ್ಕಪಕ್ಕ ಕೂರಿಸಿದ ಪುಣ್ಯಾತ್ಮರು ಯಾರೋ, ಮುಂದಾಗುವುದನ್ನು ಕಂಡವರು.

ಫೋನ್ ತೆಗೆದು ಕಟ್ಟಿ. ಟಣ್ ಅನ್ನುತ್ತದೆ, ದುಡ್ಡು ಹೋಯಿತು. ಕರ್ನಾಟಕದ ಗ್ರಂಥಾಲಯ ವ್ಯವಸ್ಥೆಯಲ್ಲಿ ಒಂದು ದಿನವೂ ಕೈಕೊಡದ ತಂತ್ರಜ್ಞಾನ ಅಂದರೆ ಇದೊಂದೇ. ಅಲ್ಲಿಂದ ಮುಂದೆ ದುಡ್ಡು ನಡೆದುಕೊಂಡು ಹೋಗುತ್ತದೆ. 1965ರ ಗ್ರಂಥಾಲಯ ಕಾಯ್ದೆ ಪ್ರಕಾರ ಪಾಲಿಕೆ ವಸೂಲಿ ಮಾಡಿದ ಕರವನ್ನು ಗ್ರಂಥಾಲಯಕ್ಕೆ ಕೊಡಬೇಕು. ಪಾಲಿಕೆ ವಸೂಲಿಯನ್ನು ಚೆನ್ನಾಗಿ ಮಾಡುತ್ತದೆ. ಕೊಡುವುದು ಎರಡನೇ ಭಾಗ, ಅದಕ್ಕೆ ಇನ್ನೂ ಆ್ಯಪ್ ಬಂದಿಲ್ಲ. ನೂರಾರು ಕೋಟಿ ಬಾಕಿ ಎಂದು ಪತ್ರಿಕೆಗಳು ವರ್ಷಾ ವರ್ಷಾ ಬರೆಯುತ್ತವೆ. ಅದೇ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಕೂತು ಓದುತ್ತೇವೆ. 2025ರಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾದವು. ಇನ್ನು ಬಾಕಿ ಕೇಳಲು ಐದು ಮನೆ ಬಾಗಿಲು ತಟ್ಟಬಹುದು.

ಇದು ನಮ್ಮ ಪಾಲಿಕೆ ಕಂಡುಹಿಡಿದ ವಿದ್ಯೆ ಅಲ್ಲ ಬಿಡಿ. ಮದುವೆ ಮನೆಯಲ್ಲಿ ಅಡುಗೆ ಆಗುವ ಮೊದಲೇ ಮುಯ್ಯಿ ಬರೆಯುವವರು ಪೆನ್ನು ಹಿಡಿದು ಕೂತಿರುತ್ತಾರಲ್ಲ, ಹಾಗೆ ಯಾವ ಹೊಸ ಯಂತ್ರ ಬಂದರೂ ದುಡ್ಡಿನ ಮೇಜು ಮೊದಲು ಬೀಳುತ್ತದೆ. ಚರ್ಚನ್ನೇ ನೋಡಿ. ಯುರೋಪಿನಲ್ಲಿ ಅಚ್ಚುಮೊಳೆ ಬಂದ ಹೊಸದರಲ್ಲಿ ಜರ್ಮನಿಯ ಮೈನ್ಸ್ ಊರಲ್ಲಿ ಪವಿತ್ರ ಗ್ರಂಥ ಇನ್ನೂ ಅಚ್ಚಾಗಿ ಮುಗಿದಿರಲಿಲ್ಲ. 1454ರಲ್ಲೇ ಪಾಪದ ಶಿಕ್ಷೆಗೆ ಮಾಫಿ ಕೊಡುವ ಚೀಟಿಗಳು ಅಚ್ಚಾಗಿ ಹೊರಬಂದವು. ಹೆಸರು, ತಾರೀಖಿನ ಜಾಗ ಖಾಲಿ. ಕಾಣಿಕೆ ಕೊಡಿ, ಹೆಸರು ತುಂಬಿಸಿಕೊಂಡು ಹೋಗಿ. ಅಂದರೆ ಬೈಬಲ್‌ಗಿಂತ ಮೊದಲು ಅರ್ಜಿ ಫಾರಂ ಬಂತು. ನಮ್ಮ ತಾಲ್ಲೂಕು ಕಚೇರಿಗಳ ಮೂಲಪುರುಷರು ಅಲ್ಲಿದ್ದಾರೆ.

ಎಲ್ಲರೂ ಹಾಗಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಕಲ್ಲಚ್ಚು ಇಟ್ಟುಕೊಂಡೇ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅವರ ಉದ್ದೇಶ ಮತಪ್ರಚಾರವೇ ಇರಲಿ, ನಮಗೆ ಸಿಕ್ಕಿದ್ದು ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಕಿಟೆಲ್ ನಿಘಂಟೂ ಅದೇ ಮಿಷನ್ನಿನ ಅಚ್ಚುಕೂಟದಿಂದ ಬಂತು. ಆಗ ‘ಉದ್ಘಾಟನೆ’ ಎಂಬ ಪದ ನಿಘಂಟಿನೊಳಗೆ ಮಾತ್ರ ಇದ್ದಿರಬೇಕು.

ಈಗ ಪದ ಹೊರಗೆ ಬಂದಿದೆ. 2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ನೋಂದಾಯಿಸಿಕೊಂಡವರ ಲೆಕ್ಕ ಕೋಟಿಗಳಲ್ಲಿದೆ. ಇಷ್ಟು ಜನ ಓದುತ್ತಿದ್ದರೆ ಬಸ್ಸಿನಲ್ಲಿ ಪಕ್ಕದವರ ಮೊಬೈಲ್‌ನಲ್ಲಿ ರೀಲ್ಸ್ ಬದಲು ಕಾದಂಬರಿ ಕಾಣಬೇಕಿತ್ತು, ಅಲ್ವಾ? ಹೆಸರು, ಫೋನ್ ನಂಬರ್, ಒಟಿಪಿ ಕೊಟ್ಟವರೆಲ್ಲ ಓದುಗರು ಅನ್ನುವುದಾದರೆ, ನಮ್ಮಲ್ಲಿ ಎಲ್ಲರಿಗಿಂತ ಜಾಸ್ತಿ ಓದುಗರಿರುವುದು ಸಿಮ್ ಕಾರ್ಡ್ ಅಂಗಡಿಯಲ್ಲಿ.

ಒಂದು ಬಡಾವಣೆಯ ಶಾಖೆಗೆ ಹೋಗಿದ್ದೆ. ಟ್ಯಾಬ್‌ಗಳು ಇವೆ, ಸುಳ್ಳಲ್ಲ. ಸ್ಟೀಲ್ ಬೀರುವಿನಲ್ಲಿ, ಪ್ಲಾಸ್ಟಿಕ್ ಕವರು ಕೂಡ ಬಿಚ್ಚದ ಹಾಗೆ ಮಲಗಿವೆ. ಬೀರುವಿಗೆ ಅರಿಶಿನ ಕುಂಕುಮ ಹಚ್ಚಿದ್ದಾರೆ, ಹೂವು ಒಣಗಿದೆ.

‘ಅಣ್ಣ, ಒಂದು ಟ್ಯಾಬ್ ಕೊಡ್ತೀರಾ?’ ಅಂದೆ.

‘ಆಡಿಟ್ ಇದೆ ಸಾರ್. ಹೊರಗೆ ತೆಗೆದ್ರೆ ಸ್ಕ್ರ್ಯಾಚ್ ಆಗುತ್ತೆ. ಸ್ಕ್ರ್ಯಾಚ್ ಆದ್ರೆ ನನ್ನ ಸಂಬಳದಲ್ಲಿ ಹಿಡೀತಾರೆ.’

ಅವರ ಸಂಬಳ ಕೇಳಿದ ಮೇಲೆ ನನಗೂ ಟ್ಯಾಬ್ ಬೇಡ ಅನಿಸಿತು.

ಪುಸ್ತಕಗಳು ಬಳಕೆಗಾಗಿ ಇವೆ ಎಂದು 1931ರಲ್ಲೇ ಸೂತ್ರ ಬರೆದವರು ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್. ಗ್ರಂಥಾಲಯ ವಿಜ್ಞಾನಕ್ಕೆ 1962ರಲ್ಲಿ ಸಂಶೋಧನಾ ಕೇಂದ್ರ ಕಟ್ಟಿದ್ದು ಇದೇ ಬೆಂಗಳೂರಲ್ಲಿ. ಓದುಗರ ಸಮಯ ಉಳಿಸಿ ಅನ್ನುವುದು ಅವರ ನಾಲ್ಕನೇ ಸೂತ್ರ. ಅದನ್ನು ಇಲಾಖೆ ಚೆನ್ನಾಗಿ ಪಾಲಿಸುತ್ತಿದೆ. ಹೊಸ ಪುಸ್ತಕಗಳ ಸಗಟು ಖರೀದಿಯನ್ನು ವರ್ಷಗಟ್ಟಲೆ ಮುಂದೂಡಿದರೆ ಓದುಗರ ಸಮಯ ತಾನಾಗಿ ಉಳಿಯುತ್ತದೆ.

ಚರ್ಚಿನವರೂ ಗ್ಯಾಜೆಟ್ ಮೋಹದಲ್ಲಿ ಹಿಂದೆ ಬಿದ್ದಿಲ್ಲ. 2019ರಲ್ಲಿ ವ್ಯಾಟಿಕನ್ ಕಡೆಯಿಂದ ಸ್ಮಾರ್ಟ್ ಜಪಮಾಲೆ ಬಂತು. ಕೈಗೆ ಕಟ್ಟಿಕೊಂಡು ಶಿಲುಬೆ ಗುರುತು ಮಾಡಿದರೆ ಆನ್ ಆಗುತ್ತದೆ. ಆಗ ಬೆಲೆ 99 ಯೂರೊ, ಚಾರ್ಜಿಂಗ್ ಬೇರೆ ಮಾಡಬೇಕು. 2024ರಲ್ಲಿ ಅಮೆರಿಕದ ಒಂದು ಕ್ಯಾಥೊಲಿಕ್ ಸಂಸ್ಥೆ ‘ಫಾದರ್ ಜಸ್ಟಿನ್’ ಎಂಬ ಎಐ ಪಾದ್ರಿಯನ್ನು ತಂದಿತು. ಇವರು ಪಾಪ ನಿವೇದನೆ ಕೇಳಿ ಕ್ಷಮೆ ಕೊಟ್ಟರು. ಮಗುವಿಗೆ ಗೇಟೊರೇಡ್ ಎಂಬ ಶರಬತ್ತಿನಲ್ಲಿ ಜ್ಞಾನಸ್ನಾನ ಮಾಡಿಸಬಹುದು ಎಂದೂ ಹೇಳಿದರು. ವಾರ ಕಳೆಯುವುದರೊಳಗೆ ನಿಲುವಂಗಿ ಕಳಚಿಸಿ ಬರೀ ‘ಜಸ್ಟಿನ್’ ಮಾಡಿದರು. ನೇಮಕಾತಿ, ದೂರು, ವಿಚಾರಣೆ, ಹಿಂಬಡ್ತಿ ಎಲ್ಲ ಒಂದೇ ವಾರದಲ್ಲಿ! ನಮ್ಮಲ್ಲಿ ಅಷ್ಟರಲ್ಲಿ ಕಡತ ಒಂದು ಟೇಬಲ್ ಕೂಡ ದಾಟುತ್ತಿರಲಿಲ್ಲ.

ಆದರೆ ಅವರಲ್ಲಿ ಒಂದು ಗೆರೆ ಇದೆ. ಜ್ಞಾನಸ್ನಾನ, ಪಾಪ ನಿವೇದನೆಯಂಥ ಸಂಸ್ಕಾರಗಳು ಇಂಟರ್‌ನೆಟ್‌ನಲ್ಲಿ ನಡೆಯುವುದಿಲ್ಲ ಎಂದು ವ್ಯಾಟಿಕನ್ 2002ರಲ್ಲೇ ಹೇಳಿತ್ತು. ಲಾಕ್‌ಡೌನ್‌ನಲ್ಲಿ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಯೂಟ್ಯೂಬ್‌ಗೆ ಬಂತು, ಕಾಣಿಕೆಗೆ ಕ್ಯೂಆರ್ ಕೋಡ್ ಬಂತು, ಪೂಜೆಯಲ್ಲಿ ಕೊಡುವ ರೊಟ್ಟಿಯ ಪರಮಪ್ರಸಾದ ಮಾತ್ರ ಡೌನ್‌ಲೋಡ್ ಆಗಲಿಲ್ಲ. ಎಷ್ಟೇ ಲೈವ್ ಕೊಟ್ಟರೂ ಭಾನುವಾರ ಬಾಗಿಲು ತೆಗೆಯಲೇಬೇಕು ಅನ್ನುವುದು ಅವರಿಗೆ ಗೊತ್ತು. ನಮ್ಮ ಇಲಾಖೆಗೆ ಆ್ಯಪ್ ಬಂದಿದ್ದೇ ತಡ, ಪುಸ್ತಕ, ಫ್ಯಾನು, ಶೌಚಾಲಯ ಎಲ್ಲವೂ ಮೋಡದಲ್ಲಿ ಇರುವಂತೆ ಕಾಣುತ್ತಿದೆ.

ಅಷ್ಟಾದರೂ ಶಾಖೆ ತುಂಬಿತ್ತು. ಪೇಪರ್ ಓದುವ ಹಿರಿಯರು ಒಂದು ಕಡೆ, ಮಿಕ್ಕವರೆಲ್ಲ ಪಿಡಿಒ, ಕೆಎಎಸ್ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರು. ಪುಸ್ತಕ ಅವರದೇ, ಡೇಟಾ ಅವರದೇ, ನೀರಿನ ಬಾಟಲಿಯೂ ಅವರದೇ. ಸರ್ಕಾರದ್ದು ಕುರ್ಚಿ ಮಾತ್ರ, ಅದಕ್ಕೂ ಬೆಳಿಗ್ಗೆ ಬಂದು ಬ್ಯಾಗ್ ಇಟ್ಟು ಹೋಗಬೇಕು. ಅಲ್ಲೊಬ್ಬಳು ಹುಡುಗಿ ಪ್ರಚಲಿತ ವಿದ್ಯಮಾನ ಬಾಯಿಪಾಠ ಮಾಡುತ್ತಿದ್ದಳು: ಕರ್ನಾಟಕದಲ್ಲಿ ಡಿಜಿಟಲ್ ಗ್ರಂಥಾಲಯ ಶುರುವಾದ ವರ್ಷ ಯಾವುದು? 2020. ‘ಇದು ಎಲ್ಲಿ ಸಿಕ್ಕಿತಮ್ಮ, ಆ್ಯಪ್‌ನಲ್ಲಾ?’ ಎಂದು ಕೇಳಿದೆ. ‘ಇಲ್ಲ ಅಂಕಲ್, ಎದುರುಗಡೆ ಜೆರಾಕ್ಸ್ ಅಂಗಡೀಲಿ. ಒಂದು ಸೆಟ್ ಬೇಕಾ?’