ಆಲಿಕಲ್ಲು ಬಿದ್ದಾಗಲೆಲ್ಲ ಹವಾಮಾನ ಬದಲಾವಣೆಯ ಮಾತೆತ್ತುವುದು ಸರಿಯೇ?

ಪರ

ಮಳೆ ಬಿದ್ದಾಗ ಆಡದ ಮಾತನ್ನು ಇನ್ನು ಯಾವಾಗ ಆಡುವುದು?

(ಲೇಖಕರು ಶಿವಮೊಗ್ಗದಲ್ಲಿ ನೆಲೆಸಿರುವ ನಿವೃತ್ತ ಭೂಗೋಳಶಾಸ್ತ್ರ ಉಪನ್ಯಾಸಕರು)

ಈ ಪ್ರಶ್ನೆಗೆ ಪರವಾಗಿ ಬರೆಯಬೇಕೆಂದು ಸಂಪಾದಕರು ಕೇಳಿದಾಗ ಒಂದು ಷರತ್ತಿನ ಮೇಲೆ ಒಪ್ಪಿಕೊಂಡೆ. ಒಂದು ಮಧ್ಯಾಹ್ನ ಸುರಿದ ಮಳೆಯನ್ನು ತೋರಿಸಿ, ಇದು ಹವಾಮಾನ ಬದಲಾವಣೆಯಿಂದಲೇ ಆದದ್ದು ಎಂದು ತೀರ್ಪು ಕೊಡುವುದನ್ನು ನಾನು ಸಮರ್ಥಿಸಲಾರೆ. ಒಂದು ಪ್ರದೇಶದ ಹವಾಮಾನ ಇಂಥದ್ದು ಎಂದು ಹೇಳಲು 30 ವರ್ಷಗಳ ಅಂಕಿಅಂಶಗಳ ಸರಾಸರಿಯನ್ನು ತೆಗೆದುಕೊಳ್ಳುವುದು ವಿಶ್ವ ಹವಾಮಾನ ಸಂಸ್ಥೆಯ ಪದ್ಧತಿ. ನಾನು ಪಾಠ ಮಾಡಿದ್ದೂ ಅದನ್ನೇ. ಆದರೆ ತೀರ್ಪು ಕೊಡುವುದು ಬೇರೆ, ಮಾತೆತ್ತುವುದು ಬೇರೆ. ಮಾತೆತ್ತಲೇಬೇಕು ಎಂಬುದಷ್ಟೇ ನನ್ನ ವಾದ.

ಕಾರಣ ಸರಳವಾದದ್ದು. ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ. 1850–1900ರ ಅವಧಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿತ್ತು. 2024ರ ಒಂದು ವರ್ಷವನ್ನೇ ತೆಗೆದುಕೊಂಡರೆ ಆ ಏರಿಕೆ ಒಂದೂವರೆ ಡಿಗ್ರಿಯನ್ನೂ ದಾಟಿತು. ಮಲೆನಾಡಿಗೆ ಮುಂಗಾರನ್ನು ಕಳಿಸುವ ಅರಬ್ಬಿ ಸಮುದ್ರವೂ ಬಿಸಿಯಾಗಿದೆ. ಕೇಂದ್ರ ಭೂವಿಜ್ಞಾನ ಸಚಿವಾಲಯ 2020ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ವರದಿಯ ಪ್ರಕಾರ 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ. 6ರಷ್ಟು ಇಳಿದಿದೆ, ಮತ್ತು ಆ ಇಳಿಕೆ ಎದ್ದು ಕಾಣುವ ಪ್ರದೇಶಗಳಲ್ಲಿ ನಮ್ಮ ಪಶ್ಚಿಮಘಟ್ಟವೂ ಒಂದು. ಅದೇ ಅವಧಿಯಲ್ಲಿ ಮಧ್ಯ ಭಾರತದಲ್ಲಿ ವಿಸ್ತಾರವಾಗಿ ಸುರಿಯುವ ಅತಿ ಭಾರೀ ಮಳೆಯ ಪ್ರಸಂಗಗಳು ಮೂರು ಪಟ್ಟು ಹೆಚ್ಚಿವೆ. ಒಟ್ಟು ಮಳೆ ಕಡಿಮೆಯಾಗಿಯೂ ಬಂದಾಗ ಹೊಡೆತ ಹೆಚ್ಚಾಗುವ ಈ ಸ್ಥಿತಿಯನ್ನು ಅಂಗಳದಲ್ಲಿ ನಿಂತವರು ಸರಾಸರಿಯಾಗಿ ಕಾಣಲಾರರು, ಆದರೆ ಒಂದು ಅಕಾಲದ ಮಳೆಯಾಗಿ ಕಾಣಬಲ್ಲರು. ಕಂಡ ಆ ಹೊತ್ತಿನಲ್ಲಿಯೇ ಅದರ ಬಗ್ಗೆ ಮಾತಾಡಬೇಕು.

ತಾಪ ಏರುತ್ತಿದ್ದರೆ ಆಲಿಕಲ್ಲು ಯಾಕೆ, ಹಿಮ ಯಾಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ಸೆನೆಟರ್ ಜೇಮ್ಸ್ ಇನ್‌ಹೋಫ್ ಅವರು 2015ರ ಫೆಬ್ರವರಿಯಲ್ಲಿ ಹಿಮದ ಉಂಡೆಯೊಂದನ್ನು ಸದನದೊಳಕ್ಕೇ ತಂದು, ಹೊರಗೆ ಇಷ್ಟು ಚಳಿಯಿರುವಾಗ ತಾಪ ಏರಿಕೆ ಎಲ್ಲಿದೆ ಎಂಬ ಅರ್ಥದಲ್ಲಿ ಅದನ್ನು ಎಸೆದು ತೋರಿಸಿದರು. ಆ ಪ್ರಶ್ನೆಗೆ ಒಳ್ಳೆಯ ಉತ್ತರ 2021ರ ವಸಂತದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಸಿಕ್ಕಿತು. ಅಲ್ಲಿ ಮಾರ್ಚ್ ಕೊನೆಗೆ ಬಿಸಿಲು ಏರಿ ಬಳ್ಳಿಗಳು ಬೇಗನೆ ಚಿಗುರಿದವು. ಏಪ್ರಿಲ್ ಮೊದಲ ವಾರ ಹೆಪ್ಪುಗಟ್ಟುವ ಚಳಿ ಬಂದು ಆ ಎಳೆ ಚಿಗುರನ್ನು ಸುಟ್ಟಿತು. ಬಳಿಕ ನಡೆದ ವೈಜ್ಞಾನಿಕ ವಿಶ್ಲೇಷಣೆಯಲ್ಲಿ ಕಂಡುಬಂದದ್ದೆಂದರೆ, ಚಳಿಯ ತೀವ್ರತೆ ಮೊದಲಿಗಿಂತ ತಗ್ಗಿದ್ದರೂ ಚಿಗುರು ಹಿಂದೆಂದಿಗಿಂತ ಮೊದಲೇ ಬರುವುದರಿಂದ ಇಂಥ ನಷ್ಟದ ಸಂಭವ ಸುಮಾರು ಶೇ. 60ರಷ್ಟು ಹೆಚ್ಚಿದೆ. ಮೂಡಿಗೆರೆ, ಕೊಪ್ಪದ ಕಾಫಿ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಫೆಬ್ರವರಿ, ಮಾರ್ಚ್‌ನಲ್ಲಿ ಬರಬೇಕು. ಜನವರಿಯಲ್ಲೇ ಬಂದರೆ ಒಂದೇ ಗಿಡದಲ್ಲಿ ಕೊಯ್ಯದ ಹಣ್ಣೂ ಅರಳಿದ ಹೂವೂ ಇರುತ್ತವೆ, ಹಣ್ಣು ಬಿಡಿಸುವ ಕೈಗೆ ಹೂ ಉದುರುತ್ತದೆ, ಹೂ ಕಾಯಿಗಟ್ಟಲು ಮುಂದೆ ಬೇಕಾದ ಹಿಂಬಾಲು ಮಳೆ ಬರುವ ಭರವಸೆಯೂ ಇರುವುದಿಲ್ಲ. 2021ರ ಜನವರಿಯಲ್ಲಿ ಹೀಗೆಯೇ ಆಯಿತು.

ಸ್ಥಳೀಯ ಕಾರಣಗಳೂ ಇವೆಯಲ್ಲ ಎಂದು ವಿರೋಧಿಗಳು ಹೇಳಬಹುದು. ಇವೆ, ಅವುಗಳ ಚರ್ಚೆ ಬೇರೆ ಕಡೆ ನಡೆಯಲಿ. ಜನರ ನೆನಪು ಬಹಳ ಗಿಡ್ಡದ್ದು. ಮಳೆ ನಿಂತು ನಾಲ್ಕು ದಿನ ಬಿಸಿಲು ಬಿದ್ದರೆ ಅಕಾಲದ ಮಳೆಯನ್ನು ಮರೆಯುತ್ತಾರೆ, ಮರೆತದ್ದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಲೆಕ್ಕಕ್ಕೆ ಹಿಡಿಯದ ಸಂಗತಿ ಯಾವ ಸರ್ಕಾರದ ಯೋಜನೆಯಲ್ಲೂ ಜಾಗ ಪಡೆಯುವುದಿಲ್ಲ. ಆದ್ದರಿಂದ ಮಾತು ಸ್ವಲ್ಪ ಅತಿಯಾದರೂ ಚಿಂತೆಯಿಲ್ಲ, ಆಡದಿರುವುದಕ್ಕಿಂತ ಅದು ಮೇಲು ಎಂಬುದು ನನ್ನ ಅಭಿಪ್ರಾಯ.

ವಿರೋಧ

ಮೋರಿ ಕಿರಿದಾದದ್ದಕ್ಕೆ ಆಕಾಶ ಹೊಣೆಯಲ್ಲ

(ಲೇಖಕಿ ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು)

ಭೂಮಿ ಬಿಸಿಯಾಗುತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ನನ್ನ ತಕರಾರು ಆ ಮಾತನ್ನು ಬಳಸುವ ರೀತಿಯ ಮೇಲೆ. ಸೊಸೈಟಿಯ ಜಗುಲಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ತಾಲ್ಲೂಕು ಕಚೇರಿಯ ಮೇಜಿನ ಆಚೆ ಬದಿಯಲ್ಲಿ, ಎಲ್ಲಿ ನೋಡಿದರೂ ಈಗ ಹವಾಮಾನ ಬದಲಾವಣೆ ಎಂಬ ಎರಡು ಪದ ಬಿದ್ದೊಡನೆ ಮಾತು ಮುಗಿಯುತ್ತದೆ. ಅದರ ಮುಂದೆ ಕೇಳಬೇಕಾಗಿದ್ದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳಿದವರನ್ನು ತಿಳಿವಳಿಕೆಯಿಲ್ಲದವರಂತೆ ನೋಡುತ್ತಾರೆ.

2021ರ ನವೆಂಬರಿನಲ್ಲಿ ರಾಜ್ಯದ ಉದ್ದಕ್ಕೂ ಮಳೆ ಸುರಿಯಿತಲ್ಲ, ಆಗ ನಮ್ಮ ಮನೆಯಲ್ಲಿ ಅಡಿಕೆ ಬೇಯಿಸುವ ಕೆಲಸ ನಡೆದಿತ್ತು. ಕೊನೆ (ಅಡಿಕೆ ಗೊನೆ) ತೆಗೆಸಿ, ಸುಲಿದು, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಬೇಯಿಸಿ ಅಂಗಳಕ್ಕೆ ಹರವಿದ ಅಡಿಕೆಗೆ ಬಿಸಿಲು ತಪ್ಪಿದರೆ ಮೊದಲು ಮುಟ್ಟಿದ ಕೈಗೆ ಜಿಗುಟು ಹತ್ತುತ್ತದೆ, ಆಮೇಲೆ ತೊಟ್ಟಿನ ಬದಿಯಿಂದ ಬೆಳ್ಳಗೆ ಬೂಷ್ಟು ಏಳುತ್ತದೆ. ಮೇಲಿನದನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಬಹುದು. ಒಳಕ್ಕೆ ಇಳಿದದ್ದು ಅಡಕತ್ತರಿಯಲ್ಲಿ ಒಡೆದಾಗ ಕಾಣಿಸುತ್ತದೆ. ಮಂಡಿಯಲ್ಲಿ ಒಡೆದು ನೋಡಿದವರು ದರ ಇಳಿಸಿ, ‘ಹವಾಮಾನ ಬದಲಾವಣೆ ಅಮ್ಮ, ಯಾರೇನು ಮಾಡಕ್ಕಾಗತ್ತೆ’ ಎಂದರು. ಏನು ಮಾಡಲಾಗುತ್ತದೆ ಎಂಬುದು ನಮಗೆಲ್ಲರಿಗೂ ಗೊತ್ತಿದೆ. ಊರಿಗೊಂದು ಒಣಗಿಸುವ ಮನೆ ಇದ್ದಿದ್ದರೆ ಆ ಅಡಿಕೆ ಉಳಿಯುತ್ತಿತ್ತು. ಅದಿಲ್ಲದಿರುವುದು ಆಕಾಶದಲ್ಲಿ ತೀರ್ಮಾನವಾದ ಸಂಗತಿಯಲ್ಲ.

ಇನ್ನು ಆಲಿಕಲ್ಲು. ಅಶ್ವಿನಿ, ಭರಣಿ ಮಳೆಗಳೆಂದರೆ ಗುಡುಗು, ಸಿಡಿಲು, ಗಾಳಿ, ಆಲಿಕಲ್ಲು ಎಂದು ನಮ್ಮಲ್ಲಿ ಯಾವಾಗಿನಿಂದಲೂ ಲೆಕ್ಕ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಅದನ್ನು ಕಾದವರು ನಮ್ಮ ಹಿರಿಯರು. ಬೇಸಿಗೆಯಲ್ಲಿ ನೆಲ ಕಾದು ಬಿಸಿ ಗಾಳಿ ರಭಸದಿಂದ ಮೇಲೇರಿ, ಎತ್ತರದ ಚಳಿಯಲ್ಲಿ ನೀರಹನಿ ಹೆಪ್ಪುಗಟ್ಟಿ ಕಲ್ಲಾಗಿ ಬೀಳುವುದು ಹೊಸ ವಿದ್ಯಮಾನವಲ್ಲ. ಈ ಸಲ ಯುಗಾದಿಗೆ ಮುಂಚೆ ಬಿದ್ದದ್ದು ಸ್ವಲ್ಪ ಬೇಗ, ನಿಜ. ಅಂಗಳದಲ್ಲಿದ್ದ ಕಾಳುಮೆಣಸು ತೋಯ್ದಿತು, ಅಡಿಕೆಯ ಸಿಂಗಾರಕ್ಕೆ, ಅಂದರೆ ಹೂಗೊಂಚಲಿಗೆ, ಪೆಟ್ಟಾಯಿತು. ಆದರೆ ಆಲಿಕಲ್ಲು ಹೆಚ್ಚಾಗಿದೆಯೇ ಎಂಬುದರ ಬಗ್ಗೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯ ಆರನೇ ವರದಿಯೇ ಖಚಿತವಾಗಿ ಹೇಳುವಷ್ಟು ಪುರಾವೆ ಇಲ್ಲವೆಂದಿದೆ. ವಿಜ್ಞಾನಿಗಳು ಹಿಂಜರಿಯುವ ಕಡೆ ನಮ್ಮ ಭಾಷಣಕಾರರಿಗೆ ಹಿಂಜರಿಕೆಯಿಲ್ಲ. ಮೂರು ಆಲಿಕಲ್ಲು ಬಿದ್ದರೆ ಮೈಕು ಹಿಡಿದು ಉತ್ತರ ಧ್ರುವದ ಹಿಮಕರಡಿಯಿಂದ ಶುರು ಮಾಡುತ್ತಾರೆ.

ನಾನು ಇಷ್ಟು ಖಡಾಖಂಡಿತವಾಗಿ ಬರೆಯಲು ಕಾರಣವಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ತೋಟದ ಮೇಲ್ಬದಿಯಲ್ಲಿ ಗುಡ್ಡವೊಂದಿದೆ, ಅದರ ನಡುವೆ ಹಳೆಯ ರಸ್ತೆ. ರಸ್ತೆ ಅಗಲ ಮಾಡುವಾಗ ಜೆಸಿಬಿ ತಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದರು, ಇಳಿಜಾರು ಬಿಡಲಿಲ್ಲ, ಚರಂಡಿ ತೆಗೆಯಲಿಲ್ಲ. ಹಳ್ಳ ದಾಟುವಲ್ಲಿ ಕಲ್ಲಿನಲ್ಲಿ ಕಟ್ಟಿದ ಹಳೆಯ ಮೋರಿಯಿತ್ತು, ಬೇಸಿಗೆಯಲ್ಲಿ ದೊಡ್ಡವರು ಬಗ್ಗಿ ಅದರೊಳಗೆ ಹಾದುಹೋಗಬಹುದಿತ್ತು. ಅದನ್ನು ಒಡೆದು ಸಿಮೆಂಟ್ ಪೈಪು ಕೂರಿಸಿದರು. ಪೈಪಿನಲ್ಲಿ ಚಿಕ್ಕ ಮಗುವೂ ತೆವಳಲಾರದು. ನನ್ನ ಯಜಮಾನರು ಆಗಲೇ ಹೋಗಿ, ಮಳೆಗಾಲದ ಹಳ್ಳಕ್ಕೆ ಇದು ಸಾಲದು ಎಂದು ಹೇಳಿ ಬಂದರು. ಆಶ್ಲೇಷ ಮಳೆಯಲ್ಲಿ ಒಂದು ರಾತ್ರಿ ಆ ಪೈಪಿನ ಬಾಯಿಗೆ ಮರದ ಬೊಡ್ಡೆಯೊಂದು ಅಡ್ಡಬಿದ್ದು, ಅದಕ್ಕೆ ತರಗೆಲೆ ಕಟ್ಟಿಕೊಂಡು, ಹಳ್ಳ ರಸ್ತೆಯ ಮೇಲೇರಿ ಕಡಿದ ಗುಡ್ಡದ ಬುಡವನ್ನು ಕೊರೆಯಿತು. ಬೆಳಗಾಗುವಾಗ ಗುಡ್ಡದ ಒಂದು ಮಗ್ಗುಲು ನಮ್ಮ ತೋಟದಲ್ಲಿತ್ತು. ಬಸಿಗಾಲುವೆಗಳ ಗುರುತೇ ಇಲ್ಲದಂತೆ ಕೆಮ್ಮಣ್ಣು ತುಂಬಿತ್ತು, ಮರಗಳು ಬುಡದಿಂದ ಸೊಂಟದ ಮಟ್ಟಕ್ಕೆ ಹೂತು ನಿಂತಿದ್ದವು. ನಿಂತಿದ್ದಾವಲ್ಲ ಎಂದು ಆ ವರ್ಷ ಸಮಾಧಾನಪಟ್ಟೆವು. ಅಡಿಕೆ ಮರದ ಬೇರಿಗೆ ಗಾಳಿಯಾಡದೆ ನೀರು ನಿಂತರೆ ಅದು ಒಂದೇ ದಿನಕ್ಕೆ ಸಾಯುವುದಿಲ್ಲ. ಸೋಗೆ ಹಳದಿಗೆ ತಿರುಗಿ, ಕೊನೆ ಸಣ್ಣದಾಗಿ, ಮುಂದಿನ ವರ್ಷ ಒಂದೊಂದಾಗಿ ತಲೆ ಕಳಚುತ್ತವೆ. ನನ್ನ ಅತ್ತೆ ನೆಟ್ಟ ಸಾಲು ಹಾಗೆ ಹೋಯಿತು.

ಪರಿಶೀಲನೆಗೆ ಬಂದ ಅಧಿಕಾರಿಗಳು ಮಹಜರಿನಲ್ಲಿ, ಹವಾಮಾನ ವೈಪರೀತ್ಯದಿಂದ ಸುರಿದ ಅತಿವೃಷ್ಟಿಯ ಪರಿಣಾಮ ಗುಡ್ಡ ಕುಸಿದಿದೆ ಎಂದು ಬರೆಸಿದರು. ನಮ್ಮ ಮನೆಯಲ್ಲಿ ಮಾವನವರ ಮಳೆ ಲೆಕ್ಕದ ಪುಸ್ತಕಗಳಿವೆ. ಅವರು ಬದುಕಿರುವವರೆಗೆ ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಅಳೆದು ಬರೆಯುತ್ತಿದ್ದರು, ಈಗ ನಾನು ಬರೆಯುತ್ತೇನೆ. ಆ ವಾರ ಸುರಿದದ್ದಕ್ಕಿಂತ ಜೋರಾದ ಮಳೆ ಅದೇ ಪುಸ್ತಕಗಳಲ್ಲಿ ಎಷ್ಟೋ ಸಲ ದಾಖಲಾಗಿದೆ. ಪಕ್ಕದಲ್ಲಿ ‘ಹಳ್ಳ ತುಂಬಿದೆ, ಸಂಕ ಹೋಯಿತು’ ಎಂದಿದೆಯೇ ಹೊರತು ಗುಡ್ಡ ಜರಿದದ್ದು ಎಲ್ಲಿಯೂ ಇಲ್ಲ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಮಗ್ಗುಲಲ್ಲಿ ಬದುಕಿದ ಜನ ನಾವು, ಮಳೆಗೆ ಹೆದರಿ ದೂರುತ್ತಿಲ್ಲ. ಪುಸ್ತಕ ತೆಗೆದು ತೋರಿಸಿದೆ. ಖಾಸಗಿ ಲೆಕ್ಕವನ್ನು ಪರಿಗಣಿಸಲು ಬರುವುದಿಲ್ಲವೆಂದರು. ಅವರೇನೂ ಕೆಟ್ಟವರಲ್ಲ, ಚಹಾ ಕುಡಿದು, ಸಾಲು ನೋಡಿ ಮರುಗಿ ಹೋದರು. ಆದರೆ ಆ ಒಂದು ವಾಕ್ಯದಿಂದ ಗುಡ್ಡ ಕಡಿದವರು, ಪೈಪು ಕೂರಿಸಿದವರು, ಅದಕ್ಕೆ ಸಹಿ ಹಾಕಿದವರು ಎಲ್ಲರೂ ಕಾಗದದಿಂದ ಹೊರಗೆ ಹೋದರು. ಹವಾಮಾನದ ಮೇಲೆ ಯಾರು ದಾವೆ ಹೂಡುತ್ತಾರೆ?

ಕಾರಣವನ್ನು ಹತ್ತಿರದಿಂದ ಹುಡುಕಿದರೆ ಏನು ಸಿಗುತ್ತದೆ ಎಂಬುದಕ್ಕೆ ನಮ್ಮ ಬೆಳೆಯಲ್ಲೇ ಉದಾಹರಣೆಯಿದೆ. ನೂರು ವರ್ಷಗಳಿಗೂ ಹಿಂದೆ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಮಲೆನಾಡಿನ ತೋಟಗಳನ್ನು ಹಾಳುಮಾಡುತ್ತಿದ್ದಾಗ, ಮುಂದೆ ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾದ ಕೆನಡಾದ ಲೆಸ್ಲಿ ಕೋಲ್ಮನ್ ಅವರು ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಕೊಳೆರೋಗಕ್ಕೂ ಮಳೆಗೂ ಬಿಡಿಸಲಾಗದ ನಂಟಿದೆ, ಬಿಡದೆ ಮಳೆ ಹಿಡಿದ ವರ್ಷ ರೋಗ ಹೆಚ್ಚು. ಅವರು ಮಳೆಯ ಮೇಲೆ ಹೊರಿಸಿ ಸುಮ್ಮನಾಗಬಹುದಿತ್ತು. ಕಾಯಿಯ ಮೇಲಿನ ಶಿಲೀಂಧ್ರವನ್ನು ಗುರುತಿಸಿ, ಅದು ಹರಡುವ ಬಗೆಯನ್ನು ತಿಳಿದು, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ: ಇಂದಿಗೂ ಮುಂಗಾರು ಹಿಡಿಯುವ ಮೊದಲೊಮ್ಮೆ, ಮಳೆ ಬಿಡುವು ಕೊಟ್ಟಾಗ ಇನ್ನೊಮ್ಮೆ ನಾವು ಹೊಡೆಸುವುದು ಅದನ್ನೇ. ಈಗ ಎಲೆಚುಕ್ಕಿ ರೋಗ ಬಂದು ತೋಟಕ್ಕೆ ತೋಟವೇ ಸುಟ್ಟಂತೆ ಕಾಣುತ್ತಿರುವಾಗ ಸಭೆಗಳಲ್ಲಿ ಕೇಳಿಬರುವ ಮೊದಲ ಮಾತು ಹವಾಮಾನದ್ದು. ಔಷಧಿಯ ಮಾತು ಕೊನೆಗೆ ಬರುತ್ತದೆ, ಮರ ಹತ್ತಿ ಹೊಡೆಯುವ ಕೊನೆಗಾರರು ಸಿಗುತ್ತಿಲ್ಲವೆಂಬ ಮಾತು ಬರುವುದೇ ಇಲ್ಲ.

ಪರ ವಾದಿಸುವವರು ಇಡೀ ಭೂಮಿಯ ಸರಾಸರಿ ಉಷ್ಣತೆಯನ್ನು ಹೇಳುತ್ತಾರೆ. ಆ ಸರಾಸರಿಯಲ್ಲಿ ನಮ್ಮ ಗುಡ್ಡದ ಕಾಡು ಕಡಿದು ಬೆಳೆಸಿದ ಅಕೇಶಿಯಾ ನೆಡುತೋಪು ಕಾಣಿಸುವುದಿಲ್ಲ, ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ ಬೋಳಾದದ್ದು ಕಾಣಿಸುವುದಿಲ್ಲ, ಬೇಸಿಗೆಯಲ್ಲಿ ಬತ್ತದಿದ್ದ ಒರತೆಗಳು ಫೆಬ್ರವರಿಗೇ ನಿಂತುಹೋದದ್ದು ಕಾಣಿಸುವುದಿಲ್ಲ. ಮಾತು ಎಷ್ಟು ದೊಡ್ಡದಾಗುತ್ತದೋ ಹೊಣೆ ಅಷ್ಟು ದೂರಕ್ಕೆ ಸರಿಯುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗುಡ್ಡ ಕುಸಿದ ಕಡೆಯೆಲ್ಲ ಮಹಜರಿನಲ್ಲಿ ಆ ದಿನದ ಮಳೆ ಎಷ್ಟು, ಗುಡ್ಡವನ್ನು ಕಡಿದದ್ದು ಯಾವಾಗ, ಎಷ್ಟು ಇಳಿಜಾರು ಬಿಟ್ಟಿದ್ದರು, ಮೋರಿಯ ಅಗಲವೆಷ್ಟು ಎಂದು ಬರೆಯುವ ನಿಯಮ ಬರಲಿ. ಇವೆಲ್ಲವನ್ನೂ ಬರೆದ ಮೇಲೆ ಉಳಿದ ಜಾಗದಲ್ಲಿ ಹವಾಮಾನ ಬದಲಾವಣೆಯನ್ನೂ ಬರೆದುಕೊಳ್ಳಲಿ, ನನ್ನ ಅಡ್ಡಿಯಿಲ್ಲ.

ಪೈಪು ತೆಗೆದು ಮೊದಲಿನಷ್ಟು ಅಗಲದ ಮೋರಿ ಕಟ್ಟಿಕೊಡಬೇಕೆಂದು ಕೇರಿಯವರೆಲ್ಲ ಸಹಿ ಹಾಕಿ ಮತ್ತೊಮ್ಮೆ ಅರ್ಜಿ ಕೊಟ್ಟಿದ್ದೇವೆ. ಆ ಕೆಲಸ ರೋಹಿಣಿ ಮಳೆಗೆ ಮುಂಚೆ ಆಗಬೇಕು.